ನಾಲ್ಕಡಿ ಟ್ರೇಗೆ ಒಂದು ಕಾರಣ

ಜೂನ್ ೩, ಮಂಗಳವಾರ. ಹಾಸನ

ಮಾನಸಾಗೆ ವಾರದ ಕಾಗದ ಬರೆದು ಅಂಟಿಸಿದ್ದಾಯಿತು. ತಮ್ಮನ ಮಗಳು, ಅರಕಲಗೂಡಿನ ಶಾಲೆಯಲ್ಲಿ ಮೇಡಂ ಆಗಿದ್ದಾಳೆ. ಅವಳಿಗೂ ಫೋನಿದೆ, ನನಗೂ ಇದೆ. ಆದರೂ ನಾನು ಕಾಗದ ಬಿಟ್ಟಿಲ್ಲ, ಅವಳು ಬೇಡ ಅಂದಿಲ್ಲ. ಕಾಗದದಲ್ಲಿ ಸಿಟ್ಟು ಬರೆಯಬಾರದು. ಓದುವವರು ಊಟಕ್ಕೆ ಕೂತಿರುತ್ತಾರೋ ಏನೋ. ಸಿಟ್ಟಿಗೆ ಈ ಡೈರಿ ಇದೆ. ಹಾರ್ಡ್‌ವೇರ್ ಅಂಗಡಿಯವರು ಜನವರಿಯಲ್ಲಿ ಕೊಟ್ಟದ್ದು, ಇವತ್ತಿನವರೆಗೂ ಖಾಲಿ ಇತ್ತು.

ನಮ್ಮ ವರ್ಕ್‌ಶಾಪಿನಲ್ಲಿ ಮೇವು ಕತ್ತರಿಸುವ ಮಿಷನ್ ಮಾಡುತ್ತೇವೆ. ಹುಲ್ಲು, ಜೋಳದ ಕಡ್ಡಿ ಇಟ್ಟು ತಳ್ಳಲು ಮುಂದೆ ನಾಲ್ಕಡಿ ಉದ್ದದ ತಗಡಿನ ಟ್ರೇ. ಟ್ರೇಯ ಕೊನೆಗೆ ಎರಡು ರೋಲರ್, ಅದರ ಹಿಂದೆ ಬ್ಲೇಡು. ರೋಲರಿನ ಕಡೆಯ ಅರ್ಧ ಟ್ರೇಗೆ ಮೇಲೊಂದು ಮುಚ್ಚಳ. ರೋಲರ್ ಹಿಡಿದದ್ದನ್ನು ಬಿಡುವುದಿಲ್ಲ. ಹುಲ್ಲಾದರೂ ಸರಿ, ಸೆರಗಾದರೂ ಸರಿ, ಬೆರಳಾದರೂ ಸರಿ.

ಓನರ್ ಕಾಂತರಾಜು ಬೆಳಿಗ್ಗೆ ನನ್ನ ಟೇಬಲ್ಲಿಗೆ ಬಂದು ನಿಂತ.

"ಅಕ್ಕ, ಹೊಸ ಮಾಡಲಿಗೆ ಟ್ರೇ ಎರಡಡಿ ಎಂಟಂಗುಲ ಮಾಡ್ಬುಡಿ. ಒಂದ್ ಶೀಟಿಗೆ ಎರಡು ಟ್ರೇ ಬರೋ ಕಡೆ ಮೂರು ಬತ್ತವೆ. ತಗಡಿನ ರೇಟು ನೋಡಿದೀರಲ್ಲ."

"ಆಗಲ್ಲ," ಅಂದೆ.

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ ಕಾಂತರಾಜು. ಆ ಟ್ರೇ ಯಾವತ್ತಿದ್ರೂ ನಾಲ್ಕಡಿ."

"ಅದೇ ಯಾಕೆ ಅಂತ ಕೇಳ್ತಿರೋದು."

ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಇಲ್ಲಿಗೆ ಸೇರಿದ್ದು ಟ್ರೇಸಿಂಗ್ ಕೆಲಸಕ್ಕೆ, ಇನ್ನೊಬ್ಬರ ಡ್ರಾಯಿಂಗಿನ ಮೇಲೆ ತೆಳ್ಳನೆಯ ಹಾಳೆ ಹಾಸಿ ಗೆರೆ ತಿದ್ದುವುದಕ್ಕೆ. ತಿದ್ದುತ್ತ ತಿದ್ದುತ್ತ ಡ್ರಾಯಿಂಗ್ ಕಲಿತೆ. ಐವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನೂ ಕಲಿತೆ. ಕಲಿಸಿದವರು ಯಾರೂ ಇಲ್ಲ. ಇಲ್ಲಿಂದ ಹೊರಟ ಪ್ರತಿ ಮಿಷನ್ನಿನ ಪ್ರತಿ ಗೆರೆಯೂ ನನ್ನ ಕೈ ದಾಟಿ ಹೋಗಿದೆ. ನನ್ನನ್ನು ಯಾಕೆ ಅನ್ನುತ್ತಾನೆ.

ಅಷ್ಟರಲ್ಲಿ ಅವನ ಮಗಳು ಭವ್ಯಶ್ರೀ ಬಾಯಿ ಹಾಕಿದಳು. ಇಂಜಿನಿಯರಿಂಗ್ ಮುಗಿಸಿ ವರ್ಕ್‌ಶಾಪಿಗೇ ಬಂದು ಕೂತಿದ್ದಾಳೆ. ಯಾವ ಅಳತೆಯನ್ನು ಯಾಕೆ ಇಟ್ಟೆವು, ಯಾವುದನ್ನು ಯಾಕೆ ಬಿಟ್ಟೆವು ಎಂದು ಬರೆದಿಡುವ ಸಾಫ್ಟ್‌ವೇರ್ ತರಬೇಕೆಂದು ಒಂದು ತಿಂಗಳಿಂದ ಹಿಂದೆ ಬಿದ್ದಿದ್ದಾಳೆ.

"ಅತ್ತೆ, ಎಲ್ಲ ನಿಮ್ ತಲೇಲೇ ಇದೆ. ನಾಳೆ ನಿಮಗೆ ಜ್ವರ ಬಂದ್ರೆ?"

"ಜ್ವರ ಬಂದ್ರೆ ಮಾತ್ರೆ ತಗೋತೀನಿ."

ಬೋರಪ್ಪ ವೆಲ್ಡಿಂಗ್ ನಿಲ್ಲಿಸಿ ನಕ್ಕ. ಭವ್ಯಾಳೂ ನಕ್ಕಳು, ಆದರೆ ಬಿಡಲಿಲ್ಲ. ಮೂರು ಸಾಫ್ಟ್‌ವೇರ್ ನೋಡಿಟ್ಟಿದ್ದಾಳಂತೆ. ಮೂರಕ್ಕೂ ಇದೇ ಪ್ರಶ್ನೆ ಹಾಕಿ ನೋಡೋಣ, ಟ್ರೇ ನಾಲ್ಕಡಿ ಯಾಕೆ. ಯಾವುದು ಸರಿಯಾಗಿ ಹಿಡಿದಿಡುತ್ತದೋ ಅದನ್ನು ತೆಗೆದುಕೊಳ್ಳೋಣ ಅಂದಳು. ಕಾಂತರಾಜು ಒಪ್ಪಿದ. ತಿಂಗಳ ಕೊನೆಗೆ ಹೊಸ ಶೀಟು ಬರುತ್ತದೆ, ಅಷ್ಟರೊಳಗೆ ಕಾರಣ ಸಿಕ್ಕರೆ ನಾಲ್ಕಡಿ, ಇಲ್ಲದಿದ್ದರೆ ಎರಡು ಎಂಟು.

"ನಾನು ಆ ಡ್ರಾಯಿಂಗ್ ಮಾಡಲ್ಲ," ಅಂದೆ.

"ಭವ್ಯಾ ಮಾಡ್ತಾಳೆ ಬುಡಿ."

"ಕಾರಣ ಗೊತ್ತಾಗೋ ತನಕ ನಾನೂ ಮಾಡಲ್ಲ ಅಪ್ಪ," ಅಂದಳು ಹುಡುಗಿ. ಅವಳ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇದೆ. ಕಾರಣ ಬರೆದಿಡಬೇಕಂತೆ. ಅನ್ನಕ್ಕೆ ಎಷ್ಟು ನೀರು ಎಂದು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ.

ಜೂನ್ ೫, ಗುರುವಾರ

ಮೊದಲನೆಯ ಸಾಫ್ಟ್‌ವೇರ್. ರಜನೀಶ್ ಎನ್ನುವವರು ಬೆಂಗಳೂರಿನಿಂದ ಪರದೆಯ ಮೇಲೆ ಬಂದು ತೋರಿಸಿದರು. ದೊಡ್ಡ ದೊಡ್ಡ ಫ್ಯಾಕ್ಟರಿಗಳಲ್ಲಿ ಇದೇ ಇದೆಯಂತೆ. ತೀರ್ಮಾನ ಏನು, ಒಪ್ಪಿಗೆ ಕೊಟ್ಟವರು ಯಾರು, ತಾರೀಖು. ಕಾರಣ ಎನ್ನುವ ಕಡೆ ಒತ್ತಿದರೆ ನಾಲ್ಕು ಹೆಸರು ಕೆಳಗೆ ಇಳಿಯುತ್ತವೆ: ಖರ್ಚು, ಸುರಕ್ಷತೆ, ಗಿರಾಕಿಯ ಬೇಡಿಕೆ, ಇತರೆ. ಒಂದನ್ನು ಆರಿಸಿದರೆ ಮುಗಿಯಿತು.

"ಇದರಲ್ಲಿ ಬೇಡ ಅಂದವರ ಹೆಸರು ಎಲ್ಲಿ ಬರೆಯೋದು?" ಎಂದು ಕೇಳಿದೆ.

"ಬೇಡ ಅನ್ನೋದನ್ನ ಮೀಟಿಂಗಲ್ಲೇ ಮುಗಿಸ್ಕೊಂಡ್ಬಿಡ್ಬೇಕು ಮೇಡಂ. ಒಳಗೆ ಬರೋದು ಒಪ್ಪಿಗೆ ಮಾತ್ರ."

"ಮೀಟಿಂಗಲ್ಲಿ ಮುಗೀದಿದ್ರೆ?"

"ಇತರೆ ಅಂತ ಹಾಕಿ."

ನಾನು ಇತರೆ. ಮೂವತ್ತೆಂಟು ವರ್ಷ ಕೆಲಸ ಮಾಡಿ ಇತರೆ ಆದೆ. ಭವ್ಯಾ ನನ್ನ ಮುಖ ನೋಡಿ ಪರದೆ ಮುಚ್ಚಿದಳು. ಕಾಂತರಾಜುಗೆ ಅದು ಹಿಡಿಸಿತ್ತು. "ಚೊಕ್ಕವಾಗೈತೆ," ಅಂದ. ಚೊಕ್ಕವಾಗಿಯೇ ಇದೆ. ಗುಡಿಸಿ ಹೊರಗೆ ಹಾಕಿದ ಮೇಲೆ ಯಾವ ಮನೆಯೂ ಚೊಕ್ಕ.

ಜೂನ್ ೯, ಸೋಮವಾರ

ಗೆದ್ದೆ. ಮಾನಸಾಗೆ ಇದನ್ನು ನಾಳೆಯೇ ಬರೆಯಬೇಕು.

ಎರಡನೆಯ ಸಾಫ್ಟ್‌ವೇರ್ ಬೇರೆ ಜಾತಿಯದು. ನಾವು ಕಾರಣ ಬರೆಯುವುದೇ ಬೇಡ, ಡ್ರಾಯಿಂಗ್ ಹಾಕಿದರೆ ತಾನೇ ಯೋಚಿಸಿ ಬರೆಯುತ್ತದೆ. ಭವ್ಯಾ ನಮ್ಮ ಹಳೆಯ ಡ್ರಾಯಿಂಗ್ ಹಾಕಿದಳು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಒಂದು ಪುಟ ಕನ್ನಡ ಬಂತು. ಮಿಷನ್ ನಡೆಸುವವರ ತೋಳಿನ ಉದ್ದ, ಅವರು ಮುಂದಕ್ಕೆ ಬಾಗಿದಾಗ ಕೈ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನೆಲ್ಲ ಲೆಕ್ಕ ಹಾಕಿ, ಕೈ ರೋಲರಿಗೆ ಸಿಗದಂತೆ ಟ್ರೇಯನ್ನು ನಾಲ್ಕಡಿ ಇಡಲಾಗಿದೆ, ಎಂದು ಬರೆದಿತ್ತು. ನನ್ನ ಬಾಯಲ್ಲಿದ್ದು ಬರದೇ ಇದ್ದ ಮಾತು ಅದೇ. ಅದು ನನಗಿಂತ ಚೆನ್ನಾಗಿ ಹೇಳಿತು.

ಕಾಂತರಾಜು ಎರಡು ಸಲ ಓದಿದ. "ಅಪ್ಪ ಇಷ್ಟೆಲ್ಲ ಯೋಚ್ನೆ ಮಾಡಿ ಇಟ್ಟಿದ್ರಾ," ಅಂದ. ಮೊದಲ ಮಿಷನ್ ಮಾಡಿದ್ದು ಅವನ ಅಪ್ಪ ಕೆಂಪಣ್ಣನವರು. ಆ ಕಾಲಕ್ಕೆ ನಾನಿನ್ನೂ ಬಂದಿರಲಿಲ್ಲ. "ಹಂಗಿದ್ರೆ ನಾಲ್ಕಡಿನೇ ಇರ್ಲಿ ಅಕ್ಕ," ಎಂದು ಫೋನು ಹಿಡಿದು ಹೊರಗೆ ಹೋದ.

ಭವ್ಯಾ ಮಾತ್ರ ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು. "ಅತ್ತೆ, ಈ ಅಳತೆ ಕೊಟ್ಟದ್ದು ತಾತ. ಒಂದ್ಸಲ ತಾತನ ಬಾಯಲ್ಲಿ ಕೇಳ್ಬಿಟ್ರೆ ಪಕ್ಕಾ ಆಗುತ್ತೆ."

ಕೇಳಿದರಾಯಿತು. ಕೆಂಪಣ್ಣನವರು ಹೊಳೆನರಸೀಪುರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ, ಎಂಬತ್ತಾರಾದರೂ ಮರೆವಿಲ್ಲ. ಗೆದ್ದ ಮೇಲೆ ಹೋಗಿ ನಮಸ್ಕಾರ ಮಾಡಿ ಬರುವುದು ನನಗೂ ಸಂತೋಷವೇ.

ಜೂನ್ ೧೨, ಗುರುವಾರ. ಹೊಳೆನರಸೀಪುರದಿಂದ ಬಂದ ಮೇಲೆ

ಹಜಾರದ ತುಂಬ ಜನ. ಯಾರದೋ ನಾಮಕರಣಕ್ಕೆ ಸೀರೆ ಆರಿಸುತ್ತಿದ್ದರು. ಕೆಂಪಣ್ಣನವರು ನಡುವೆ ಕುರ್ಚಿಯಲ್ಲಿ ಕೂತು ಎಲ್ಲ ಸೀರೆಗೂ ಒಂದೊಂದು ಹೆಸರಿಡುತ್ತಿದ್ದರು.

"ಬಾ ಶಾಂತವ್ವ. ಯಾಕವ್ವ ಇಷ್ಟು ಸೊರಗೋಗಿದೀಯ, ನನ್ ಮಗ ಕಾಪಿ ಕೊಡಕ್ಕಿಲ್ವ?"

ಕಾಫಿ ಬಂತು. ನಾನು ವಿಷಯಕ್ಕೆ ಬಂದೆ. ಟ್ರೇ ನಾಲ್ಕಡಿ ಇಟ್ಟದ್ದು ಹೆಂಗಸರ ಕೈಗೆ ರೋಲರ್ ಸಿಗದಿರಲಿ ಎಂದಲ್ಲವೇ, ಎಂದು ಉತ್ತರವನ್ನೂ ಸೇರಿಸಿಯೇ ಕೇಳಿದೆ.

ಅವರು ನನ್ನನ್ನೇ ನೋಡಿದರು. "ಯಾವ ಕೈಯವ್ವ?"

"ಮಿಷನ್ ನಡೆಸೋರ ಕೈ."

"ಅದ್ಯಾರು ನೋಡ್ದೋರು ಆಗ. ಶೀಟು ಎಂಟಡಿ ಬತ್ತಿತ್ತು. ಅರ್ಧ ಮಾಡ್ದೆ. ತುಂಡು ಉಳೀಬಾರ್ದು ಕಣವ್ವ, ನನ್ ಅಂಗ್ಡೀಲಿ ಯಾವತ್ತೂ ತುಂಡು ಉಳಿಸಿಲ್ಲ ನಾನು." ಸೊಸೆಯ ಕಡೆ ತಿರುಗಿದರು. "ಆ ಅರಿಶಿಣದ್ದು ತಗಳವ್ವ, ಬಾಣಂತಿಗೆ ಒಪ್ಪುತ್ತೆ."

ಅಷ್ಟೇ. ಅರ್ಧ ಮಾಡಿದರಂತೆ. ಮುಚ್ಚಳ ಎರಡಡಿ ಯಾಕೆ ಎಂದು ಕೇಳಿದೆ. ಅರ್ಧದ ಅರ್ಧ ಅಂದರು. ಮಿಷನ್ನಿನ ಕಾಲಿನ ಎತ್ತರ? ಬೇರೆ ಕೆಲಸಕ್ಕೆ ತಂದಿದ್ದ ಪೈಪನ್ನು ಮೂರು ಮಾಡಿದ್ದು. ನಗುತ್ತ ಹೇಳಿದರು, ಹೆಮ್ಮೆಯಿಂದ ಹೇಳಿದರು. ಆ ಅಂಗಡಿಯಲ್ಲಿ ಎಲ್ಲ ಅಳತೆಯೂ ತುಂಡು ಉಳಿಯದ ಅಳತೆ. ನಾನು ಅದೇ ಗೆರೆಯ ಮೇಲೆ ಗೆರೆ ತಿದ್ದುತ್ತ ಬಂದೆ, ಏನೋ ದೊಡ್ಡ ಅರ್ಥ ಇದೆ ಎಂದುಕೊಂಡು.

ಬಸ್ಸಿನಲ್ಲಿ ಬರುವಾಗ ಇನ್ನೊಂದು ಹೊಳೆಯಿತು. ಎಂಟಡಿಯನ್ನು ಮೂರು ಮಾಡಿದರೆ ಎರಡಡಿ ಎಂಟಂಗುಲ. ಕಾಂತರಾಜುವಿನ ಅಳತೆಯೂ ಅದೇ ಕತ್ತರಿಯದು. ಅಪ್ಪ ಎರಡು ಮಾಡಿದರು, ಮಗ ಮೂರು ಮಾಡುತ್ತಾನೆ. ಇಬ್ಬರಲ್ಲಿ ಯಾರೂ ಕೈ ನೋಡಿಲ್ಲ.

ಕೆಂಪಣ್ಣನವರು ಹೇಳಿದ್ದು ನನಗೆ ಮಾತ್ರ ಗೊತ್ತು. ಅವರು ಹೌದು ಅಂದರು ಎಂದರೆ ಮುಗಿಯಿತು. ಆ ಒಂದು ಪುಟ ಕನ್ನಡ ಅಲ್ಲೇ ಇರುತ್ತದೆ, ಟ್ರೇಯೂ ನಾಲ್ಕಡಿಯೇ ಇರುತ್ತದೆ.

ಜೂನ್ ೧೩, ಶುಕ್ರವಾರ

ಭವ್ಯಾ ಕೇಳಿದಳು. ತಲೆನೋವು ಅಂದೆ. ತಲೆ ನೋಯುತ್ತಿರಲಿಲ್ಲ.

ಜೂನ್ ೧೪, ಶನಿವಾರ

ಹೇಳಿಬಿಟ್ಟೆ. ಗೆಲ್ಲುವುದಾದರೆ ನನ್ನ ಕಾರಣದಿಂದ ಗೆಲ್ಲುತ್ತೇನೆ, ಯಾವುದೋ ಪರದೆ ಕಟ್ಟಿಕೊಟ್ಟ ಕಾರಣದಿಂದ ಅಲ್ಲ. ಟೀ ಹೊತ್ತಿಗೆ ಎಲ್ಲರ ಎದುರೇ ಹೇಳಿದೆ: ಟ್ರೇ ನಾಲ್ಕಡಿ ಯಾಕೆಂದರೆ ಶೀಟನ್ನು ಅರ್ಧ ಮಾಡಿದ್ದಕ್ಕೆ. ಬೇರೆ ಏನೂ ಇಲ್ಲ.

ಬೋರಪ್ಪ ನಕ್ಕೇ ನಕ್ಕ. "ನನ್ನ ಕೇಳಿದ್ರೆ ನಾನೇ ಯೋಳ್ತಿದ್ದೆ ಅಂತ ಸುಳ್ಳೇಳಾಕಿಲ್ಲ ಶಾಂತಕ್ಕ. ನಾನೂ ಕೈಗೇ ಅನ್ಕಂಡಿದ್ದೆ."

"ಮತ್ತೆ ಆ ಸಾಫ್ಟ್‌ವೇರ್ ಬರ್ದಿದ್ದು?" ಕಾಂತರಾಜು ಕೇಳಿದ.

ಭವ್ಯಾ ಅದೇ ಡ್ರಾಯಿಂಗಿನಲ್ಲಿ ನಾಲ್ಕಡಿ ಅಳಿಸಿ ಎರಡಡಿ ಎಂಟಂಗುಲ ಮಾಡಿ ಮತ್ತೆ ಹಾಕಿದಳು. ಮತ್ತೆ ಒಂದು ಪುಟ ಬಂತು. ನಡೆಸುವವರ ತೋಳಿನ ಉದ್ದ, ದಣಿವು, ಕೊಟ್ಟಿಗೆಯ ಜಾಗ ಎಲ್ಲವನ್ನೂ ಲೆಕ್ಕ ಹಾಕಿ ಎರಡಡಿ ಎಂಟಂಗುಲ ಇಡಲಾಗಿದೆಯಂತೆ. ಅದೇ ಧಾಟಿ, ಅದೇ ಗಾಂಭೀರ್ಯ. ಕಾಂತರಾಜು ಬಿದ್ದು ಬಿದ್ದು ನಕ್ಕ. ನಗು ಮುಗಿದ ಮೇಲೆ ಅಂದ:

"ಅಲ್ಲಿಗೆ ಕಾರಣ ಇಲ್ಲ ಅಂತಾಯ್ತು ಅಕ್ಕ. ಎರಡು ಎಂಟು."

"ಹಳೇ ಕಾರಣ ಇಲ್ಲ. ಕಾರಣ ಇಲ್ಲ ಅಂತ ಎಲ್ಲಿ ಆಯ್ತು?"

"ಇದ್ರೆ ಎಲ್ಲೈತೆ?"

"ಶೀಟು ಬರಲಿಲ್ವಲ್ಲ ಇನ್ನೂ. ಹುಡುಕ್ತೀನಿ."

ಹುಡುಕುವುದು ಎಲ್ಲಿ ಎಂದು ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾನು ಮಾಡಿದ ಮಿಷನ್ನಿನಲ್ಲಿ ಒಬ್ಬರು ಹುಲ್ಲು ಕತ್ತರಿಸುವುದನ್ನು ಈವರೆಗೂ ನಿಂತು ನೋಡಿಲ್ಲ. ಆಫೀಸಿನ ಕಿಟಕಿಯಿಂದ ಟೆಂಪೋಗೆ ಏರುವುದನ್ನು ನೋಡಿದ್ದೇನೆ, ಅಷ್ಟೇ.

ಜೂನ್ ೧೭, ಮಂಗಳವಾರ. ಚನ್ನರಾಯಪಟ್ಟಣ

ಬೋರಪ್ಪ ಸರ್ವೀಸಿಗೆ ಹೊರಟಿದ್ದ ಟೆಂಪೋದಲ್ಲಿ ನಾನೂ ಭವ್ಯಾಳೂ ಹತ್ತಿದೆವು. ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಅಲ್ಲಿ ಹೆಂಗಸರ ಸಂಘದವರು ನಮ್ಮ ಮಿಷನ್ ಇಟ್ಟುಕೊಂಡು ಊರಿನ ಹಸುಗಳಿಗೆಲ್ಲ ಮೇವು ಕತ್ತರಿಸಿ ಕೊಡುತ್ತಾರೆ. ನಡೆಸುವವಳು ಸ್ನೇಹಲತಾ, ಮೂವತ್ತರ ಆಸುಪಾಸು, ಮಾತಿನಲ್ಲಿ ಬೆಂಕಿ.

"ಕಂಪ್ನಿಯೋರು ಬಂದ್ರು ಬನ್ರೇ," ಎಂದು ಉಳಿದವರನ್ನು ಕರೆದಳು. "ಇಷ್ಟ್ ದಿನ ಮಿಷನ್ ಕೊಟ್ಟು ಓಡೋದೋರು, ಇವತ್ತು ಯಾಕೋ ಅಳತೆ ಟೇಪು ತಂದವ್ರೆ."

ಮೊದಲು ಸುಮ್ಮನೆ ನೋಡಿದೆವು. ಮಿಷನ್ ನಾನು ಬರೆದ ಹಾಗೆ ನಿಂತಿರಲಿಲ್ಲ. ಟ್ರೇ ಅವರ ಎತ್ತರಕ್ಕೆ ಜಾಸ್ತಿ ಎಂದು ಕೆಳಗೆ ಒಂದು ಚಪ್ಪಡಿ ಹಾಕಿಕೊಂಡಿದ್ದರು. ಚಪ್ಪಡಿಯ ಮೇಲೆ ನಿಂತರೆ ಸೊಂಟದವರೆಗೆ ಟ್ರೇಯ ಮೇಲೆ ಬಾಗುತ್ತಾರೆ. ಕಂತೆಯ ಕೊನೆಯ ಹಿಡಿ ತಳ್ಳುವಾಗ ತೋಳು ಮಾತ್ರವಲ್ಲ, ಭುಜ, ಎದೆ ಎಲ್ಲ ಮುಂದೆ ಹೋಗುತ್ತದೆ. ಕೊನೆಯ ಹಿಡಿಯನ್ನು ಯಾರೂ ಬಿಡುವುದಿಲ್ಲ. ಬಿಡಿ ಅಂದರೂ ಬಿಡುವುದಿಲ್ಲ. ಹಸುವಿನದು ಅದು.

ಭವ್ಯಾ ಪ್ಲಗ್ ಕಿತ್ತು, ಯಾರೂ ಮತ್ತೆ ಹಾಕದಂತೆ ವೈರನ್ನು ಕೈಗೆ ಸುತ್ತಿ ಹಿಡಿದಳು. ಬೋರಪ್ಪ ಬೋಲ್ಟು ಬಿಚ್ಚಿ ಟ್ರೇಯನ್ನು ಇಳಿಸಿದ. ಅದರ ಜಾಗಕ್ಕೆ ಎರಡಡಿ ಎಂಟಂಗುಲದ ರಟ್ಟಿನ ಟ್ರೇ ಕಟ್ಟಿದೆವು, ಒಂದಡಿ ನಾಲ್ಕಂಗುಲದ ಮುಚ್ಚಳ ಸಮೇತ. ಸ್ನೇಹಲತಾಗೆ ಯಾವತ್ತಿನ ಹಾಗೆ ತಳ್ಳು ಅಂದೆ.

"ಇದ್ಯಾವ ಆಟ ಬುಡಿ ಅಕ್ಕ," ಎಂದು ನಗುತ್ತ ಒಂದು ಹಿಡಿ ಜೋಳದ ಕಡ್ಡಿ ಇಟ್ಟಳು, ಬಾಗಿದಳು, ತಳ್ಳಿದಳು. ಕೈ ಮುಚ್ಚಳದ ಕೆಳಗೆ ಹೋಯಿತು. ಮೊಣಕೈ ಹೋಯಿತು.

"ಸಿಕ್ತಾ?" ಅಂದೆ.

"ಏನು?"

"ತಣ್ಣಗೆ ಕಬ್ಬಿಣ ಏನಾದ್ರೂ."

ಅವಳು ಬೆರಳಾಡಿಸಿದಳು. ರೋಲರ್ ಕಟ ಎಂದು ಒಂದು ಹಲ್ಲು ತಿರುಗಿತು. ಅವಳ ನಗು ನಿಂತಿತು. ಕೈ ಹಿಂದಕ್ಕೆ ತೆಗೆಯಲಿಲ್ಲ, ಹಾಗೇ ನಿಂತಳು, ಮರೆತವಳ ಹಾಗೆ. ಪಕ್ಕದವಳು ಭುಜ ಹಿಡಿದು ಎಳೆದಳು.

"ಇಂಥದ್ದು ಮಾಡ್ತೀರಾ ಅಕ್ಕ ನೀವು?" ಅಂದಳು ಸ್ನೇಹಲತಾ.

"ಮಾಡ್ಬೇಕು ಅಂತಾರೆ. ನಾನು ಬೇಡ ಅಂತೀನಿ."

"ಬಾಯಲ್ಲಿ ಅಂದ್ರೆ ಸಾಕಾ ಅದು?"

ನಾಲ್ಕಡಿ ಟ್ರೇಯನ್ನು ಮತ್ತೆ ಕೂರಿಸಿ ಅಲ್ಲಿದ್ದ ಎಲ್ಲರ ಕೈ ಅಳೆದೆವು, ಚಪ್ಪಡಿಯ ಮೇಲೆ ನಿಲ್ಲಿಸಿ, ಬಾಗಿಸಿ. ಎಲ್ಲರಿಗಿಂತ ಎತ್ತರದವಳ ಬೆರಳ ತುದಿಗೂ ರೋಲರಿಗೂ ನಡುವೆ ಒಂದು ಗೇಣು ಉಳಿಯಿತು. ಒಂದೇ ಗೇಣು. ಕೆಂಪಣ್ಣನವರು ತುಂಡು ಉಳಿಯಬಾರದೆಂದು ಮಾಡಿದ ಅಳತೆಯಲ್ಲಿ ಹೆಂಗಸರಿಗೆ ಒಂದು ಗೇಣು ಉಳಿದುಕೊಂಡಿದೆ. ಯಾರೂ ಕೊಟ್ಟದ್ದಲ್ಲ. ಇನ್ನು ಮುಂದೆ ನಾವು ಕೊಟ್ಟದ್ದಾಗಬೇಕು.

ಜೂನ್ ೨೨, ಭಾನುವಾರ. ಅರಕಲಗೂಡು

ಮಾನಸಾಳ ಮನೆಗೆ ಬಂದಿದ್ದೇನೆ. ರಾಮನಾಥಪುರದ ಬಸ್ಸು ಬಿಟ್ಟು ಹಿಂದಿನ ಬಸ್ಸಿಗೆ ಬಂದೆ, ಯಾಕೆಂದರೆ ಅದರಲ್ಲಿ ಕೂರಲು ಜಾಗವಿರಲಿಲ್ಲ, ಇದರಲ್ಲಿ ಇತ್ತು, ತಡವಾದರೆ ಇವಳು ಬೈಯುವುದಿಲ್ಲ.

ಇವಳ ಪಕ್ಕದ ಮನೆಯಲ್ಲಿ ನಮ್ಮ ಮಿಷನ್ ಇದೆ. ಮನೆಯಾತ ಬೈದ. ಟ್ರೇ ಉದ್ದವಾಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬರುತ್ತದಂತೆ, ಕರು ಬಡಿದುಕೊಳ್ಳುತ್ತದಂತೆ. ನನಗೆ ಕೇಳಲು ಇಷ್ಟವಿರಲಿಲ್ಲ. ಆದರೂ ಬರೆದುಕೊಂಡೆ. ಆತ ಹೇಳುವುದೂ ಸುಳ್ಳಲ್ಲ. ಉದ್ದದ ಟ್ರೇಗೆ ಇದೂ ಒಂದು ಬೆಲೆ.

ಊಟಕ್ಕೆ ಕೂತಾಗ ಮಾನಸಾ ಅಂದಳು, "ಅತ್ತೆ, ಈಚೀಚೆಗೆ ನಿಮ್ಮ ಕಾಗದದಲ್ಲಿ ಬರೀ ಯಾಕೆಂದರೆ, ಯಾಕೆಂದರೆ. ಹುಳಿಗೆ ಬೆಲ್ಲ ಹಾಕಲಿಲ್ಲ ಅನ್ನೋದಕ್ಕೂ ಯಾಕೆಂದರೆ."

ಇವಳಿಗೆ ಹಾಗನ್ನಿಸುತ್ತದೆ. ನಾನು ಮೊದಲಿನಿಂದಲೂ ಹಾಗೇ ಬರೆಯುವವಳು.

ಜೂನ್ ೨೪, ಮಂಗಳವಾರ. ಹಾಸನ

ಮೂರನೆಯ ಸಾಫ್ಟ್‌ವೇರ್. ತೋರಿಸಲು ಯಾರೂ ಬರಲಿಲ್ಲ, ದುಡ್ಡೂ ಇಲ್ಲ. ಭವ್ಯಾಳೇ ಇಳಿಸಿಕೊಂಡಳು. ನೋಡಲು ಏನೂ ಚೆಂದವಿಲ್ಲ, ಬಿಳಿ ಪರದೆ, ಒಂದರ ಕೆಳಗೆ ಒಂದು ಖಾಲಿ ಚೌಕ. ಪ್ರಶ್ನೆ ಏನು. ಯಾವ ಯಾವ ದಾರಿ ನೋಡಿದಿರಿ. ತೀರ್ಮಾನ. ಯಾರು ಒಪ್ಪಲಿಲ್ಲ, ಯಾಕೆ. ಕಾರಣ. ಪರಿಣಾಮ. ಒಂದು ಚೌಕ ಖಾಲಿ ಬಿಟ್ಟರೂ ಮುಂದೆ ಹೋಗುವುದಿಲ್ಲ. ಬರೆದವರ ಹೆಸರು ತಾನೇ ಬರುತ್ತದೆ. ಬರೆದದ್ದನ್ನು ತಿದ್ದಬಹುದು, ಆದರೆ ತಿದ್ದುವ ಮೊದಲು ಏನಿತ್ತೋ ಅದೂ ಕೆಳಗೆ ಉಳಿಯುತ್ತದೆ.

"ಅಳಿಸೋಕಾಗಲ್ವ?" ಅಂದೆ.

"ಇಲ್ಲ ಅತ್ತೆ. ಅರ್ಧ ಬರೆದು ಬಿಟ್ರೂ ಅರ್ಧ ಹಾಗೇ ಇರುತ್ತೆ."

"ಇದು ಬೇಕು."

ಭವ್ಯಾ ಹುಬ್ಬೇರಿಸಿದಳು. "ಕಾರಣ ಎಲ್ಲೂ ಬರೆದಿಡೋದು ಬೇಡ ಅಂತಿದ್ರಿ ನೀವು."

ಹಾಗೆ ಯಾವಾಗ ಅಂದೆನೋ. ನಾನು ಹೇಳಿದ್ದು ಆ ಮೊದಲನೆಯದು, ಇತರೆ ಇರುವ ಸಾಫ್ಟ್‌ವೇರ್ ಬಗ್ಗೆ ಇರಬೇಕು.

ಒಂದೇ ಒಂದು ಬದಲಾವಣೆ ಕೇಳಿದೆ. ಪರಿಣಾಮ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಅದು ಆಫೀಸಿನ ಮಾತು. ಆ ಚೌಕದ ಮೇಲೆ 'ಇದರಿಂದ ಯಾರಿಗೆ ಏನಾಗಬಹುದು' ಎಂದು ಹಾಕಿಸಿದೆ. ಆಮೇಲೆ ನಾಲ್ಕಡಿಯ ಪರವಾಗಿ ಎಲ್ಲ ತುಂಬಿದೆ. ಹಳೆಯ ಕಾರಣ ಶೀಟನ್ನು ಅರ್ಧ ಮಾಡಿದ್ದು, ಎಂದೇ ಬರೆದೆ. ಟ್ರೇ ಚಿಕ್ಕದು ಮಾಡಿ ಮುಚ್ಚಳವನ್ನು ಪೂರ್ತಿ ಉದ್ದಕ್ಕೂ ಹಾಕುವ ದಾರಿಯನ್ನೂ ಬರೆದೆ. ಅದನ್ನು ಬಿಟ್ಟದ್ದು ಯಾಕೆಂದರೆ ಕಡ್ಡಿ ಒಳಗೇ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡದ್ದನ್ನು ಕೈ ಹಾಕಿಯೇ ಬಿಡಿಸುತ್ತಾರೆ. ಅರಕಲಗೂಡಿನ ಕರುವನ್ನೂ ಬರೆದೆ. ಚಪ್ಪಡಿ ಬರೆದೆ. ಗೇಣು ಬರೆದೆ.

ಕಾಂತರಾಜು ಪೂರ್ತಿ ಓದಿದ. ಶೀಟು ಬರಲಿ ನೋಡೋಣ ಅಂದ. ಆ ಮಾತಿನ ಅರ್ಥ ನನಗೆ ಗೊತ್ತು.

ಜೂನ್ ೨೭, ಶುಕ್ರವಾರ

ಶೀಟು ಬಂತು. ಹನ್ನೊಂದರ ಹೊತ್ತಿಗೆ ಬೋರಪ್ಪ ಕತ್ತರಿಸುವ ಮಿಷನ್ನಿನ ಮುಂದೆ ಮೊದಲ ಶೀಟು ಹಾಸಿ, ಸೀಮೆಸುಣ್ಣ ಹಿಡಿದು ಒಳಗೆ ಬಂದ.

"ಎಷ್ಟಕ್ಕೆ ಗೆರೆ ಆಕ್ಲಿ ಸಾ?"

"ಎರಡು ಎಂಟು," ಅಂದ ಕಾಂತರಾಜು.

ನಾನು ಎದ್ದೆ. ಅವನು ಕೈ ಅಡ್ಡ ಹಿಡಿದ. "ಅಕ್ಕ, ನೀವು ಬರ್ದಿದ್ದೆಲ್ಲ ಓದಿದೀನಿ. ಬೇರೆಯೋರ ಮಿಷನ್ ನೋಡಿ, ಎಲ್ಲ ಚಿಕ್ದೇ. ನಾನೊಬ್ನೇ ಉದ್ದ ಮಾಡ್ಕೊಂಡು ಕೂತ್ರೆ ಅಂಗ್ಡಿ ನಡೀಬೇಕಲ್ಲ. ಕೈ ಹಾಕಬೇಡಿ ಅಂತ ಕೆಂಪು ಅಕ್ಷರದಲ್ಲಿ ಒಂದು ಸ್ಟಿಕ್ಕರ್ ಅಂಟಿಸೋಣ. ಇಷ್ಟರ ಮೇಲೆ ಹುಷಾರಾಗಿರೋದು ಅವ್ರ ಕೆಲ್ಸ. ಓನರ್ ನಾನು, ತೀರ್ಮಾನ ನಂದು."

"ನಿಂದೇ," ಅಂದೆ. ಎಷ್ಟೋ ವರ್ಷದ ಮೇಲೆ ಅವನನ್ನು ನೀನು ಅಂದದ್ದು. "ಯಾರು ಅಲ್ಲ ಅಂದ್ರು. ಕೂತ್ಕೊಂಡು ಬರಿ. ನೀನು ಬರೆದು ಮುಗಿಸಿದ ಮೇಲೆ ಡ್ರಾಯಿಂಗ್ ನಾನೇ ಮಾಡಿ ಕೊಡ್ತೀನಿ, ಮೂವತ್ತೆಂಟು ವರ್ಷದಲ್ಲಿ ಮಾಡಿದ ಕೊನೇ ಡ್ರಾಯಿಂಗ್ ಅಂತ."

ಭವ್ಯಾ ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂತ. ಒಂದೇ ಬೆರಳಲ್ಲಿ ಒತ್ತುತ್ತಾನೆ. ಪ್ರಶ್ನೆ ಬರೆದ, ನೋಡಿದ ದಾರಿಗಳನ್ನು ಬರೆದ. ತೀರ್ಮಾನದಲ್ಲಿ ಎರಡಡಿ ಎಂಟಂಗುಲ ಎಂದು ಬರೆದ. ಒಪ್ಪದವರು ಎನ್ನುವಲ್ಲಿ ನನ್ನ ಹೆಸರು ಹಾಕಿ ನನ್ನ ಕಡೆ ನೋಡಿದ. ಪೂರ್ತಿ ಹೆಸರು ಹಾಕು ಅಂದೆ, ಶಾಂತಕುಮಾರಿ ಎಂದು ತಿದ್ದಿದ. ಕಾರಣ: ಒಂದು ಶೀಟಿಗೆ ಮೂರು ಟ್ರೇ. ಅದನ್ನು ಅಡ್ಡಾದಿಡ್ಡಿ ಮಾಡದೆ ನೇರವಾಗಿ ಬರೆದದ್ದಕ್ಕೆ ಅವನ ಮೇಲೆ ಗೌರವವೇ ಬಂತು.

ಕೊನೆಯ ಚೌಕಕ್ಕೆ ಬಂದ. ಇದರಿಂದ ಯಾರಿಗೆ ಏನಾಗಬಹುದು.

"ಇದನ್ನ ಖಾಲಿ ಬಿಟ್ರೆ ತಗೊಳ್ಳಲ್ವ?"

"ಇಲ್ಲ ಅಪ್ಪ."

"ಏನೂ ಆಗಲ್ಲ ಅಂತ ಹಾಕಿದ್ರೆ?"

"ಹಾಕಬಹುದು," ಅಂದಳು ಭವ್ಯಾ. "ಪಕ್ಕದಲ್ಲಿ ನಿಮ್ಮ ಹೆಸರು ಬರುತ್ತೆ."

ಹೊರಗೆ ಎಲ್ಲ ಕೆಲಸ ನಿಂತಿತ್ತು. ಬೋರಪ್ಪ ಸೀಮೆಸುಣ್ಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ.

"ನೀವೇ ಹೇಳಿ ಅಕ್ಕ, ಏನ್ ಬರೀಲಿ."

"ತೀರ್ಮಾನ ಮಾಡಿದವರು ಬರೀಬೇಕು."

ಅವನು ಬೆರಳು ಇಟ್ಟ. ಒಂದು ಅಕ್ಷರ ಒತ್ತಿದ, ಅದಕ್ಕೆ ಐತ್ವ ಒತ್ತಿದ. ಪರದೆಯ ಮೇಲೆ 'ಕೈ' ಎಂದು ಬಂತು. ಅಲ್ಲಿಂದ ಮುಂದೆ ಬೆರಳು ಹೋಗಲಿಲ್ಲ. ಗೆರೆ ಆ ಪದದ ಮುಂದೆ ಮಿನುಗುತ್ತ ನಿಂತಿತ್ತು. ಅವನು ಅದನ್ನೇ ನೋಡುತ್ತಿದ್ದ.

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಬೋರಪ್ಪ, ನಾಲ್ಕಡಿಗೇ ಹಾಕು ಗೆರೆ."

"ಎಲ್ಡು ಎಂಟು ಅಂದ್ರಲ್ಲ ಸಾ. ಯಾಕೆ?"

"ಯಾಕೆ ಅಂತ ಒಳಗೆ ಬರ್ದೈತೆ, ಹೋಗಿ ನೋಡ್ಕೋ," ಎಂದು ಮುಖ ತೊಳೆಯಲು ನಲ್ಲಿಯ ಕಡೆ ಹೋದ.

ಜೂನ್ ೩೦, ಸೋಮವಾರ

ನಾಲ್ಕಡಿಯ ತೀರ್ಮಾನ ನನ್ನ ಹೆಸರಿನಲ್ಲಿ, ಕಾಂತರಾಜುವಿನ ಒಪ್ಪಿಗೆಯ ಜೊತೆ ಒಳಗೆ ಹೋಯಿತು. ಕಾಲಿನ ಎತ್ತರದ ಮೇಲೆ ಹೊಸ ಪ್ರಶ್ನೆ ತೆರೆದಿದ್ದೇನೆ, ಹೆಂಗಸರು ಚಪ್ಪಡಿ ಹಾಕಿಕೊಳ್ಳಬೇಕಾದರೆ ತಪ್ಪು ಚಪ್ಪಡಿಯದಲ್ಲ. ಕಾಂತರಾಜು ಪೈಪಿನ ರೇಟು ಹೇಳಿ ಗೊಣಗಿದ. ಗೊಣಗಿದ್ದನ್ನೂ ಬರಿ ಎಂದು ಭವ್ಯಾಗೆ ಹೇಳಿದೆ.

ಸಂಜೆ ಅವಳು ಕೇಳಿದಳು, ಅಪ್ಪ ಅರ್ಧಕ್ಕೆ ಬಿಟ್ಟದ್ದು ಪಟ್ಟಿಯ ಮೇಲೇ ನಿಂತಿದೆ, ಅಳಿಸಲು ಬಾರದಿದ್ದರೂ ಕಾಣದ ಹಾಗೆ ಕೆಳಗೆ ತಳ್ಳಬಹುದು, ತಳ್ಳಲೇ ಎಂದು.

ಬೇಡ ಅಂದೆ. ಇನ್ನು ಹತ್ತು ವರ್ಷಕ್ಕೆ ತಗಡಿನ ರೇಟು ಮತ್ತೆ ಏರುತ್ತದೆ. ಅವತ್ತು ಈ ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ, ಅವರೂ ಶೀಟನ್ನು ಮೂರು ಮಾಡಬೇಕು ಅಂದುಕೊಂಡು ಇದನ್ನು ತೆರೆಯುತ್ತಾರೆ. ತೆರೆದು ಕೊನೆಯ ಚೌಕದ ತನಕ ಬರಲಿ. ಅಲ್ಲಿ ಒಬ್ಬ ಓನರ್ ಬರೆದು ನಿಲ್ಲಿಸಿದ ಒಂದೇ ಪದ ಇರುತ್ತದೆ. ಮುಂದಿನದನ್ನು ಬರೆಯುವ ಧೈರ್ಯವಿದ್ದರೆ ಅವರು ಬರೆಯಲಿ.